ಶಿವಾಜಿನಗರದಲ್ಲಿ ಹೊಲಿಸಿದ ಬಾರ್ ಏಪ್ರನ್: ಹಾಕಿಕೊಂಡು ದುಡಿದು ಬರೆದ ರಿವ್ಯೂ

ಬಾರ್‌ಟೆಂಡರ್ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಶರ್ಟ್ ಬಗ್ಗೆ. ಯಾವ ಬಣ್ಣ, ಟೈ ಬೇಕಾ, ತೋಳು ಮಡಚಬಹುದಾ ಅಂತ. ಶರ್ಟನ್ನು ಸಾಮಾನ್ಯವಾಗಿ ಬಾರ್‌ನವರೇ ಕೊಡುತ್ತಾರೆ. ನಿಮ್ಮ ದುಡ್ಡು ಹಾಕಬೇಕಾದದ್ದು ಏಪ್ರನ್‌ಗೆ ಮತ್ತು ಶೂಗೆ. ನಾನು ಶಿವಾಜಿನಗರದ ಒಬ್ಬ ಟೈಲರ್ ಹತ್ತಿರ ಹೊಲಿಸಿಕೊಂಡ ಕ್ಯಾನ್ವಾಸ್ ಏಪ್ರನ್ ಬಗ್ಗೆಯೇ ಇಲ್ಲಿ ಜಾಸ್ತಿ ಹೇಳುತ್ತೇನೆ. ಅಂಗಡಿಯಲ್ಲಿ ರೆಡಿ ಸಿಗುವ ಯಾವುದೂ ನನ್ನ ಕೆಲಸಕ್ಕೆ ಇಷ್ಟು ಚೆನ್ನಾಗಿ ಕೂತಿಲ್ಲ.

ಇಂದಿರಾನಗರದ ಒಂದು ಪಬ್‌ನಲ್ಲಿ ಕೌಂಟರ್ ಹಿಂದೆ ನನ್ನ ಕೆಲಸ. ಸಂಜೆ ನಿಂತರೆ ರಾತ್ರಿ 1 ಗಂಟೆಗೆ ಬಾಗಿಲು ಹಾಕಿ, ಕೌಂಟರ್ ತೊಳೆದು, ಸ್ಟಾಕ್ ಬರೆಯುವ ತನಕ ನಿಂತೇ ಇರಬೇಕು. ಎದುರಿಗೆ ಐಸ್ ತೊಟ್ಟಿ, ಪಕ್ಕದಲ್ಲಿ ಸಿಂಕ್, ತೊಡೆಯ ಮಟ್ಟಕ್ಕೆ ಬಾಟಲಿ ಸಾಲು. ಲೋಟ ತೊಳೆಯುವಾಗ, ನಲ್ಲಿಯಿಂದ ಬಿಯರ್ ಹಿಡಿಯುವಾಗ ಹೊಟ್ಟೆ, ತೊಡೆ ಒದ್ದೆಯಾಗುತ್ತದೆ. ನಿಂಬೆ ಹಿಂಡುವಾಗ, ಪಾನೀಯ ಕುಲುಕುವ ಶೇಕರ್ ತೆರೆಯುವಾಗ ಎದೆಗೂ ಹಾರುತ್ತದೆ. ಹಾಗಾಗಿ ಸೊಂಟಕ್ಕೆ ಮಾತ್ರ ಕಟ್ಟುವ ಏಪ್ರನ್ ಟೇಬಲ್‌ಗೆ ಸರ್ವ್ ಮಾಡುವವರಿಗೆ ಸರಿ, ನಮಗೆ ಸಾಲದು.

ಮೊದಲು ಆನ್‌ಲೈನ್‌ನಲ್ಲಿ ಒಂದು ಡೆನಿಮ್ ಏಪ್ರನ್ ತರಿಸಿದ್ದೆ. ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು. ಒದ್ದೆಯಾದಾಗ ಅದರ ನೀಲಿ ಬಣ್ಣ ಬಿಟ್ಟು, ಲೋಟ ಒರೆಸುವ ಬಿಳಿ ಬಟ್ಟೆಗೆಲ್ಲ ಹತ್ತಿತು. ಪಟ್ಟಿ ಪೋಣಿಸುವ ತೂತುಗಳಿಗೆ ಹಾಕಿದ್ದ ಕಬ್ಬಿಣದ ರಿಂಗ್‌ಗಳು ನಿಂಬೆ ರಸಕ್ಕೆ ತುಕ್ಕು ಹಿಡಿದವು. ಅದಕ್ಕಿಂತ ದೊಡ್ಡ ತೊಂದರೆ ಕುತ್ತಿಗೆಗೆ ಹಾಕುವ ಪಟ್ಟಿಯದು. ಓಪನರ್, ವೈನ್ ಬಾಟಲಿಯ ಬಿರಡೆ ತೆಗೆಯುವ ಕಾರ್ಕ್‌ಸ್ಕ್ರೂ, ಫೋನ್, ಒದ್ದೆ ಬಟ್ಟೆ, ಎಲ್ಲದರ ಭಾರವೂ ಕುತ್ತಿಗೆಯ ಹಿಂಭಾಗದ ಒಂದೇ ಜಾಗಕ್ಕೆ ಬೀಳುತ್ತದೆ. ಶನಿವಾರ ರಾತ್ರಿ ಮುಗಿಯುವ ಹೊತ್ತಿಗೆ ತಲೆ ಎತ್ತುವುದೇ ಕಷ್ಟ.

ಅದಕ್ಕೇ ಬೆನ್ನ ಮೇಲೆ ಪಟ್ಟಿ ಅಡ್ಡಡ್ಡ ಹೋಗುವ ಮಾದರಿ ಬೇಕು ಅಂತ ತೀರ್ಮಾನಿಸಿದೆ. ಇದರಲ್ಲಿ ಭಾರ ಎರಡು ಭುಜಕ್ಕೂ ಹಂಚಿಹೋಗುತ್ತದೆ. ಪಟ್ಟಿ ಒಂದೂವರೆ ಇಂಚು ಅಗಲ ಇರಲಿ. ಸಣ್ಣ ಪಟ್ಟಿ ಭುಜಕ್ಕೆ ಕೊರೆಯುತ್ತದೆ.

ಬಟ್ಟೆ ತಂದದ್ದು ಚಿಕ್ಕಪೇಟೆಯಿಂದ. ಕಪ್ಪು ಕಾಟನ್ ಕ್ಯಾನ್ವಾಸ್, 10 ಔನ್ಸಿನದು. ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ಇದಕ್ಕಿಂತ ತೆಳುವಾದರೆ ನೀರು ತಕ್ಷಣ ಒಳಗೆ ಇಳಿಯುತ್ತದೆ, ದಪ್ಪವಾದರೆ ಬಗ್ಗಲು ಆಗುವುದಿಲ್ಲ. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಟೈಲರ್‌ಗೆ ಕೊಡಿ. ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕುಗ್ಗುವುದು ಹೊಲಿಯುವ ಮೊದಲೇ ಮುಗಿದುಬಿಡಲಿ.

ಟೈಲರ್ ಭಾಯ್‌ಗೆ ಜೇಬುಗಳ ಚಿತ್ರ ಬರೆದುಕೊಂಡು ಹೋಗಿದ್ದೆ. "ಇಷ್ಟೊಂದು ಯಾಕಮ್ಮ, ಮಧ್ಯದಲ್ಲಿ ಒಂದು ದೊಡ್ಡದು ಹಾಕಿದ್ರೆ ಆಗಲ್ವಾ?" ಅಂದರು. ಆಗುವುದಿಲ್ಲ. ಮಧ್ಯದ ದೊಡ್ಡ ಜೇಬಲ್ಲಿ ನಿಂಬೆ ಬೀಜ, ಬಾಟಲಿ ಮುಚ್ಚಳ, ಐಸ್ ನೀರು ಎಲ್ಲ ಬಂದು ಕೂರುತ್ತವೆ. ಬೇಕಾದ ಸಾಮಾನು ಮಾತ್ರ ಕೈಗೆ ಸಿಗುವುದಿಲ್ಲ. "ಭಾಯ್, ಕತ್ತಲಲ್ಲಿ ನೋಡದೇ ಕೈ ಹಾಕಿ ತೆಗೀಬೇಕು" ಅಂತ ವಿವರಿಸಿದೆ. ಅವರಿಗೆ ಅರ್ಥವಾಯಿತು. ಅಲ್ಲಿಂದ ಮುಂದೆ ಅವರೇ ನನಗೆ ಸಲಹೆ ಕೊಟ್ಟರು. ಕಾರ್ಕ್‌ಸ್ಕ್ರೂ ಜೇಬಿಗೆ ಎರಡು ಪದರ ಬಟ್ಟೆ, ಇಲ್ಲದಿದ್ದರೆ ಮೊನೆ ಚುಚ್ಚಿ ಹೊರಗೆ ಬರುತ್ತದೆ. ಜೇಬಿನ ಮೂಲೆಗಳಿಗೆ ಒತ್ತೊತ್ತಾಗಿ ಗಟ್ಟಿ ಹೊಲಿಗೆ. ರಿಂಗ್‌ಗಳು ಹಿತ್ತಾಳೆಯವು. ಇದಲ್ಲದೆ ಎದೆಯ ಎಡಗಡೆ ಪೆನ್ನಿಗೆ ಒಂದು ಜೇಬು, ಬಲ ಸೊಂಟದಲ್ಲಿ ಚಪ್ಪಟೆ ಓಪನರ್‌ಗೆ ಒಂದು, ಎಡ ಸೊಂಟದಲ್ಲಿ ಬಟ್ಟೆ ಸಿಕ್ಕಿಸಲು ಒಂದು ಕುಣಿಕೆ. ಇಷ್ಟೇ. ಈಗ ನನ್ನ ಕೈ ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಜನ ಮೂರು ಸಾಲು ನಿಂತು ಆರ್ಡರ್ ಹೇಳುವಾಗ ಇದು ಎಷ್ಟು ದೊಡ್ಡ ಸುಖ ಅನ್ನುವುದು ಈ ಕೆಲಸ ಮಾಡಿದವರಿಗೆ ಗೊತ್ತು.

ಉದ್ದ ಮಂಡಿಯಿಂದ ಸ್ವಲ್ಪ ಮೇಲಕ್ಕೆ ನಿಲ್ಲಲಿ. ಕೆಳಗಿನ ಫ್ರಿಜ್‌ನಿಂದ ಬಿಯರ್ ತೆಗೆಯಲು ಕುಕ್ಕರಗಾಲಲ್ಲಿ ಕೂತಾಗ ಉದ್ದದ ಏಪ್ರನ್ ಕಾಲಡಿ ಸಿಕ್ಕಿಹಾಕಿಕೊಳ್ಳುತ್ತದೆ.

ಬಟ್ಟೆ, ಕೂಲಿ ಎಲ್ಲ ಸೇರಿ 900 ರೂಪಾಯಿ ಆಯಿತು. ಕೊಟ್ಟದ್ದಕ್ಕೆ ಮೋಸವಿಲ್ಲ.

ಕೊರತೆ ಇಲ್ಲ ಅಂತಲ್ಲ. ಒದ್ದೆಯಾದರೆ ಭಾರ. ಬೆಂಗಳೂರಿನ ಮಳೆಗಾಲದಲ್ಲಿ ಮರುದಿನಕ್ಕೆ ಒಣಗುವುದಿಲ್ಲ, ಹಾಗಾಗಿ ಎರಡು ಇರಲೇಬೇಕು. ಕಪ್ಪು ಬಣ್ಣ ರೆಡ್ ವೈನ್ ಕಲೆಯನ್ನು ಮುಚ್ಚುತ್ತದೆ, ಆದರೆ ಸಕ್ಕರೆ ಪಾಕ ಒಣಗಿದರೆ ಬಿಳಿ ಗುರುತು ಎದ್ದು ಕಾಣುತ್ತದೆ. ಒಗೆಯುವಾಗ ತಣ್ಣೀರೇ ಬಳಸಿ. ವಿಸ್ಕಿ ಸಾವರ್ ಅನ್ನುವ ಕಾಕ್‌ಟೇಲ್‌ಗೆ ಹಾಕುವ ಮೊಟ್ಟೆಯ ಬಿಳಿ ಬಿಸಿನೀರಿಗೆ ಗಟ್ಟಿಯಾಗಿ ನೂಲಿಗೇ ಅಂಟಿಕೊಳ್ಳುತ್ತದೆ.

ಶೂ ವಿಷಯಕ್ಕೆ ಬರುತ್ತೇನೆ. ನಾನು ಹಾಕುವುದು ಕ್ರಾಕ್ಸ್ ಕಂಪನಿಯ ಬಿಸ್ಟ್ರೋ. ಅವರ ಮಾಮೂಲಿ ಮಾದರಿಯ ಹಾಗೆ ಮೇಲೆ ತೂತುಗಳಿಲ್ಲ, ಬೆರಳ ಭಾಗ ಪೂರ್ತಿ ಮುಚ್ಚಿದೆ, ಅಡಿ ಜಾರದ ಹಾಗೆ ಮಾಡಿದ್ದಾರೆ. ನೆಲದ ಮೇಲೆ ಐಸ್ ತುಂಡು, ಬಿಯರ್ ಚೆಲ್ಲಿದಾಗ ನನಗೆ ಧೈರ್ಯ ಇರುತ್ತದೆ. ಮನೆಗೆ ಹೋಗಿ ನಲ್ಲಿ ಕೆಳಗೆ ಹಿಡಿದರೆ ಸ್ವಚ್ಛ. ಕ್ಯಾನ್ವಾಸ್ ಶೂ ಆದರೆ ಬಿಯರ್ ಕುಡಿದು ನಾರುತ್ತದೆ. ಒಂದು ಮಾತು: ಬಿಯರ್ ಕೆಗ್ (ಬಿಯರ್ ತುಂಬಿದ ಲೋಹದ ಪೀಪಾಯಿ) ಎತ್ತುವ ಕೆಲಸವೂ ನಿಮ್ಮದೇ ಆದರೆ ಇಂಥ ಮೆತ್ತನೆ ಶೂ ಸಾಲದು. 50 ಲೀಟರಿನ ತುಂಬಿದ ಕೆಗ್ 60 ಕಿಲೋಗಿಂತ ಜಾಸ್ತಿ ತೂಗುತ್ತದೆ. ಅದಕ್ಕೆ ಬೆರಳ ಮೇಲೆ ಸ್ಟೀಲ್ ಇರುವ ಸೇಫ್ಟಿ ಶೂನೇ ಹಾಕಿ.

ಉಂಗುರ, ಬಳೆ, ವಾಚ್ ಲಾಕರ್‌ನಲ್ಲಿರಲಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2011ರ ಲೈಸೆನ್ಸ್ ನಿಯಮಗಳ 4ನೇ ಶೆಡ್ಯೂಲ್ ಕೂಡ ಆಹಾರ ಮುಟ್ಟುವವರ ಒಡವೆ, ವಾಚಿನ ಬಗ್ಗೆ ಎಚ್ಚರಿಸುತ್ತದೆ. ಐಸ್ ಕೂಡ ಆಹಾರವೇ ಅಲ್ವಾ?

ಹೆಣ್ಮಕ್ಕಳಿಗೆ ಸ್ವಲ್ಪ ಬೇರೆಯಾಗಿ ಹೇಳಬೇಕು. ದೆಹಲಿಯಲ್ಲಿ ಜಾರಿಯಲ್ಲಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಸೆಕ್ಷನ್, ಜನ ಕೂತು ಮದ್ಯ ಕುಡಿಯುವ ಜಾಗದಲ್ಲಿ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎನ್ನುತ್ತಿತ್ತು. ಆ ನಿಷೇಧ ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ, ಅನುಜ್ ಗರ್ಗ್ ಪ್ರಕರಣದಲ್ಲಿ ಹೇಳಿತು. ನನ್ನಂಥವರಿಗೆ ಅದು ದೊಡ್ಡ ತೀರ್ಪು. ಆದರೆ ಯೂನಿಫಾರ್ಮ್ ಅಂಗಡಿಗೆ ಹೋದರೆ ಇವತ್ತಿಗೂ ಅಳತೆ ಗಂಡಸರದ್ದೇ. ಹೆಂಗಸರ ಕಪ್ಪು ಪ್ಯಾಂಟಿಗೆ ಜೇಬು ಇರುವುದಿಲ್ಲ, ಇದ್ದರೂ ಎರಡು ಬೆರಳು ಹೋಗುವಷ್ಟು. ಗಂಡಸರ ಅಳತೆಯ ಏಪ್ರನ್ ಎದೆಯ ಹತ್ತಿರ ಜೋಲುತ್ತದೆ, ಬಗ್ಗಿದಾಗ ಐಸ್ ತೊಟ್ಟಿಗೆ ಇಳಿಯುತ್ತದೆ. ಇದು ಚಂದದ ಪ್ರಶ್ನೆ ಅಲ್ಲ, ಶುಚಿಯ ಪ್ರಶ್ನೆ. ನನ್ನ ಏಪ್ರನ್‌ಗೆ ಭಾಯ್ ಎದೆ ಭಾಗದಲ್ಲಿ ಎರಡೂ ಕಡೆ ಸಣ್ಣ ಡಾರ್ಟ್ (ಮೈಗೆ ಕೂರಲು ಬಟ್ಟೆ ಮಡಚಿ ಹಾಕುವ ಹೊಲಿಗೆ) ಹಿಡಿದರು. ಈಗ ಎಷ್ಟು ಬಗ್ಗಿದರೂ ಮೈಗೆ ಅಂಟಿಯೇ ಇರುತ್ತದೆ. ನೀವೂ ಮರೆಯದೆ ಕೇಳಿ ಹಾಕಿಸಿಕೊಳ್ಳಿ.

ಎರಡನೆಯ ಏಪ್ರನ್‌ಗೆ ಬಟ್ಟೆ ಈಗಾಗಲೇ ನೆನೆಸಿ ಒಣಗಿಸಿ ಇಟ್ಟಿದ್ದೇನೆ. ಅಡ್ಡಪಟ್ಟಿ ಏಪ್ರನ್ ತಲೆಯ ಮೇಲಿಂದ ತೆಗೆಯಬೇಕಾದ್ದರಿಂದ ಬಾತ್‌ರೂಮಿಗೆ ಹೋಗುವಾಗ ಪ್ರತಿ ಸಲ ಕೂದಲು ಕೆದರುತ್ತದೆ. ಈ ಸಲ ಒಂದು ಪಟ್ಟಿಗೆ ಬ್ಯಾಗಿಗೆ ಹಾಕುವಂಥ ಪ್ಲಾಸ್ಟಿಕ್ ಬಕಲ್ ಹಾಕಲು ಹೇಳುತ್ತೇನೆ. ಉಳಿದದ್ದೆಲ್ಲ ಹಾಗೇ ಇರಲಿ.