ಕಡಲ ಹಾಸ್ಟೆಲ್ 25 ರಾತ್ರಿ, ಗುಡ್ಡದ ಹಾಸ್ಟೆಲ್ 20 ರಾತ್ರಿ

ಹಾಸನದ ನಮ್ಮ ಮನೆಗೆ ಜನವರಿಯಲ್ಲಿ ಟೈಲ್ಸ್ ಹಾಕಿಸಿದೆವು. ಜುಲೈನಲ್ಲಿ ಪಕ್ಕದವರು ಹಳೇ ಮನೆ ಒಡೆಸೋಕೆ ಶುರು ಮಾಡಿದರು. ನನ್ನದು ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸ, ದಿನಕ್ಕೆ ಮೂರ್ನಾಲ್ಕು ಮೀಟಿಂಗ್. ಆ ಸದ್ದಿನಲ್ಲಿ ಆಗೋ ಮಾತಲ್ಲ. ಹಾಗಾಗಿ ಒಂದೇ ವರ್ಷದಲ್ಲಿ ಎರಡು ಹಾಸ್ಟೆಲ್ ವಾಸ ಆಯಿತು. ಓದೋ ಮಕ್ಕಳ ಹಾಸ್ಟೆಲ್ ಅಲ್ಲ. ಒಂದು ರೂಮಿಗೆ ಎಂಟು ಮಂಚ ಹಾಕಿ, ಮಂಚದ ಲೆಕ್ಕದಲ್ಲಿ ಬಾಡಿಗೆ ತಗೊಳ್ಳುವ ಟೂರಿಸ್ಟ್ ಹಾಸ್ಟೆಲ್.

ಮೊದಲನೆಯದು ಗೋಕರ್ಣದಲ್ಲಿ, ಕುಡ್ಲೆ ಬೀಚಿನ ಮೇಲಿನ ಗುಡ್ಡದಲ್ಲಿ. ಎರಡನೆಯದು ಚಿಕ್ಕಮಗಳೂರಲ್ಲಿ, ಊರು ದಾಟಿ ಗಿರಿ ಕಡೆ ಹೋಗುವಾಗ. ಒಂದು ಒಳ್ಳೇ ಬಿಸಿಲಲ್ಲಿ, ಇನ್ನೊಂದು ಜಡಿಮಳೆಯಲ್ಲಿ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪಿದೆ.

ಮೊದಲು ದುಡ್ಡಿನ ವಿಷಯ. ಗೋಕರ್ಣದಲ್ಲಿ ಮಂಚಕ್ಕೆ ದಿನಕ್ಕೆ 420 ರೂಪಾಯಿ, ಯಾವ ವಾರವಾದರೂ ಅಷ್ಟೇ. 25 ರಾತ್ರಿಗೆ 10,500. ಚಿಕ್ಕಮಗಳೂರಲ್ಲಿ ಬೋರ್ಡಿನ ಮೇಲೆ 500 ಅಂತಿತ್ತು. ಶುಕ್ರವಾರ, ಶನಿವಾರ ಮಾತ್ರ 900. ಸೋಮವಾರ ಸೇರಿಕೊಂಡವನಿಗೆ 20 ರಾತ್ರಿಯಲ್ಲಿ ಆರು ರಾತ್ರಿ ಹಾಗೆ ಬಿತ್ತು. ಒಟ್ಟು 12,400, ಅಂದರೆ ರಾತ್ರಿಗೆ 620. ಅಗ್ಗ ಅಂದುಕೊಂಡು ಹೋದ ಜಾಗ ಗೋಕರ್ಣಕ್ಕಿಂತ ದಿನಕ್ಕೆ 200 ಜಾಸ್ತಿ.

ಯಾಕೆ ಹೀಗೆ ಅಂತ ಆಮೇಲೆ ಹೊಳೆಯಿತು. ಎಲ್ಲಾ ಬೆಂಗಳೂರಿಂದ ಎಷ್ಟು ದೂರ ಅನ್ನೋದರ ಮೇಲೆ. ಚಿಕ್ಕಮಗಳೂರು ಅಲ್ಲಿಂದ ಸುಮಾರು 245 ಕಿಲೋಮೀಟರ್. ಶುಕ್ರವಾರ ಕೆಲಸ ಮುಗಿಸಿ ಹೊರಟವರು ಭಾನುವಾರ ರಾತ್ರಿ ಮನೆ ಸೇರಬಹುದು. ಗೋಕರ್ಣ ಅದರ ಹತ್ತಿರ ಹತ್ತಿರ ಎರಡರಷ್ಟು. ಅಷ್ಟು ದೂರ ಬಂದವರು ನಾಲ್ಕು ದಿನ ಕೂರುತ್ತಾರೆ, ಕೆಲವರು ತಿಂಗಳೇ ಕೂರುತ್ತಾರೆ. ಅಲ್ಲಿ ನಾನೂ ಅಂಥವರಲ್ಲಿ ಒಬ್ಬ. ಇಲ್ಲಿ ನಾನು ವಾರದ ಮಧ್ಯೆ ಖಾಲಿ ಮಂಚ ತುಂಬಿಸುವ ಗಿರಾಕಿ.

ಚೆಕ್-ಇನ್ ದಿನವೇ ಅದರ ರುಚಿ ಸಿಕ್ಕಿತ್ತು. ಕೌಂಟರಿನ ಹುಡುಗ ಆಧಾರ್ ನೋಡಿ, "ಸಾರ್, ಲೋಕಲ್ ಐಡಿ ತಗೊಳ್ಳಲ್ಲ" ಅಂದ.

"ಹಾಸನ ಬೇರೆ ಜಿಲ್ಲೆ ಕಣಪ್ಪ, 60 ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬಂದಿದೀನಿ, ಅದೂ ಮಳೇಲಿ."

ಓನರ್‌ಗೆ ಫೋನ್ ಮಾಡಿ, ನನ್ನ ಒದ್ದೆ ಜರ್ಕಿನ್ ಕಡೆ ಒಂದು ಸಲ ನೋಡಿ, ಬೀಗದ ಕೀ ಕೊಟ್ಟ. ಎರಡನೇ ಶುಕ್ರವಾರ ಅವನೇ ಬಂದು, "ಎಂಟು ಜನದ ಗ್ರೂಪ್ ಪೂರ್ತಿ ರೂಮ್ ಬುಕ್ ಮಾಡಿದ್ದಾರೆ, ನೀವು ಎರಡು ದಿನ ಆಚೆ ರೂಮಿಗೆ ಹೋಗ್ತೀರಾ?" ಅಂದ. ಹೋಗದೆ ಏನು ಮಾಡೋದು? ಆಚೆ ರೂಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ. ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ ನೋಡಬೇಕಂತೆ, ಜುಲೈ ಮಂಜಿನಲ್ಲಿ! ಬ್ಯಾಗಿನ ಜಿಪ್ಪು, ಪ್ಲಾಸ್ಟಿಕ್ ಕವರಿನ ಪರಪರ, ಕಬ್ಬಿಣದ ಏಣಿ ಇಳಿಯುವ ಸದ್ದು. ಒಬ್ಬನ ಅಲಾರಂಗೆ ಏಳು ಜನ ಎದ್ದೆವು. ಅಲಾರಂ ಇಟ್ಟವನು ಮಾತ್ರ ಏಳಲಿಲ್ಲ.

ಬಟ್ಟೆ ಒಣಗಿಸೋದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಎರಡು ದಿನಕ್ಕೆ ಬಂದವರಿಗೆ ಅದು ಬೇಕಾಗೋದೂ ಇಲ್ಲ. ಗೋಕರ್ಣದಲ್ಲಿ ತಾರಸಿಗೆ ಹಾಕಿದರೆ ಎರಡು ಗಂಟೆಯಲ್ಲಿ ಒಣಗುತ್ತಿತ್ತು. ಆದರೆ ಮೈಗೆ ಹಾಕಿದ ಹತ್ತು ನಿಮಿಷಕ್ಕೆ ಮತ್ತೆ ಅಂಟು ಅಂಟು. ಮರಳಂತೂ ಹಾಸಿಗೆಯಲ್ಲೂ ಇತ್ತು, ಕೀಬೋರ್ಡ್ ಸಂದಿಯಲ್ಲೂ ಇತ್ತು. ಚಿಕ್ಕಮಗಳೂರಲ್ಲಿ ಟವೆಲ್ ಐದು ದಿನ ಒಣಗಲೇ ಇಲ್ಲ. ಮಂಚದ ಸರಳಿಗೆ ನೇತು ಹಾಕಿದ್ದೆ. ಆರನೇ ದಿನ ಅದರ ವಾಸನೆಗೆ ಕೆಳಗಿನ ಮಂಚದವರು ಪರದೆ ಎಳೆದುಕೊಂಡರು. ಕೊನೆಗೆ ಪ್ಯಾಂಟು, ಟವೆಲ್ಲು ಎಲ್ಲ ಕಟ್ಟಿಕೊಂಡು ಊರೊಳಗಿನ ಲಾಂಡ್ರಿಗೆ ಕೊಟ್ಟು ಬಂದೆ. ಆ ಖರ್ಚು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ವೈ-ಫೈ ಎರಡೂ ಕಡೆ ಪರವಾಗಿಲ್ಲ. ಆದರೆ ಮಲೆನಾಡಿನ ಮಳೆಯಲ್ಲಿ ಒಂದು ಕೊಂಬೆ ತಂತಿ ಮೇಲೆ ಬಿದ್ದರೂ ಕರೆಂಟ್ ಹೋಯಿತು ಅಂತಲೇ. ಆ ಹಾಸ್ಟೆಲಿನ ಯುಪಿಎಸ್ ಲೈಟಿಗೆ ಮಾತ್ರ, ರೂಟರಿಗೆ ಇಲ್ಲ. ಫೋನ್ ಹಾಟ್‌ಸ್ಪಾಟಿಗೆ ಕಿಟಕಿ ಪಕ್ಕ ನಿಂತೇ ಮೀಟಿಂಗ್ ಮುಗಿಸಿದ್ದೇನೆ. ಕೆಲಸ ಮಾಡೋಕೆ ಹೋಗುವವರು ಇದೊಂದನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಊಟದಲ್ಲಿ ನಾನು ಚಿಕ್ಕಮಗಳೂರಿನ ಪರ. ಕುಡ್ಲೆ ದಡದ ಹೋಟೆಲ್‌ಗಳಲ್ಲಿ ಪಾಸ್ತಾ, ಪ್ಯಾನ್‌ಕೇಕು, ಬೆಲೆಯೂ ಹಾಗೇ. ಬಾಯಿ ಕೆಟ್ಟು ದಿನಾ ಮಧ್ಯಾಹ್ನ ಗುಡ್ಡ ಇಳಿದು ದೇವಸ್ಥಾನದ ಹತ್ತಿರದ ಊಟಕ್ಕೆ ಹೋಗುತ್ತಿದ್ದೆ. ಕುಚ್ಚಲಕ್ಕಿ ಅನ್ನ, ತಂಬುಳಿ ಚೆನ್ನಾಗೇ ಇತ್ತು. ಆದರೆ ಹಾಸನದವನಿಗೆ ಹತ್ತು ದಿನ ಮುದ್ದೆ ಇಲ್ಲ ಅಂದರೆ ಹೇಗೆ? ಚಿಕ್ಕಮಗಳೂರಿನ ಹಾಸ್ಟೆಲಲ್ಲಿ ಅಡುಗೆಗೆ ಬರುತ್ತಿದ್ದ ಅಕ್ಕ ಒಂದು ದಿನ ಕಡುಬು, ಕಳಲೆ ಪಲ್ಯ ಮಾಡಿದ್ದರು. ಮೆನುವಿನಲ್ಲಿ ಇರಲಿಲ್ಲ, ತಮಗೆ ಅಂತ ಮಾಡಿಕೊಂಡಿದ್ದರಲ್ಲಿ ಕೊಟ್ಟರು. ಟವೆಲ್ ವಾಸನೆ, ಅಲಾರಂ ಎಲ್ಲ ಅವತ್ತು ಮರೆತೆ.

ಹೋಗಿ ಬರೋದು? ಗೋಕರ್ಣಕ್ಕೆ ರಾತ್ರಿ ಹಾಸನದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು, ಬೆಳಗ್ಗೆ ಗೋಕರ್ಣ ರೋಡ್. ಸ್ಟೇಷನ್ ಊರಿಂದ ದೂರ, ಆಟೋ ಬೇಕು. ಆಮೇಲೆ 25 ದಿನ ನಡಿಗೆಯೇ ಸಾಕಾಯಿತು. ಚಿಕ್ಕಮಗಳೂರಲ್ಲಿ ಬೈಕ್ ಇಲ್ಲದಿದ್ದರೆ ನಾನು ಹಾಸ್ಟೆಲಲ್ಲೇ ಬಂದಿ.

20 ರಾತ್ರಿ ಮುಗಿದರೂ ಪಕ್ಕದ ಮನೆ ಗಲಾಟೆ ಮುಗಿದಿರಲಿಲ್ಲ. ಚಿಕ್ಕಮಗಳೂರು ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಲಾಡ್ಜಿಗೆ ಬಂದೆ. ಹತ್ತು ದಿನದ ದುಡ್ಡು ಒಟ್ಟಿಗೆ ಕೊಡ್ತೀನಿ ಅಂದಿದ್ದಕ್ಕೆ ದಿನಕ್ಕೆ 500, ಶನಿವಾರವೂ ಅಷ್ಟೇ. ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗಿನ ಗೋಡೆ. ಬಿಸಿನೀರು ಬೆಳಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಮಾತಾಡೋಕೆ ಯಾರೂ ಇಲ್ಲ. ಆದರೆ ಬಾಗಿಲಿಗೆ ಒಳಗಿಂದ ಚಿಲಕ ಇತ್ತು, ಬಟ್ಟೆ ಒಣಗಿಸೋಕೆ ಫ್ಯಾನ್ ಕೆಳಗೆ ಹಗ್ಗ ಕಟ್ಟಬಹುದಿತ್ತು. ಗುಡ್ಡದ ಹಾಸ್ಟೆಲಿಗೆ ಇನ್ನು ಭಾನುವಾರ ಹೋಗಿ ಗುರುವಾರ ಬರೋದಾದರೆ ಮಾತ್ರ ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ದಿನ ಅಂದರೆ ಲಾಡ್ಜೇ ಸರಿ.

ಗೋಕರ್ಣಕ್ಕೆ ಮಾತ್ರ ಈ ಜನವರಿಗೂ ಹೇಳಿಟ್ಟಿದ್ದೇನೆ. ಕೆಳಗಿನ ಮಂಚವೇ ಬೇಕು ಅಂತಲೂ ಹೇಳಿದ್ದೇನೆ. ಮೇಲಿನದಕ್ಕೆ ಹತ್ತುವ ಏಣಿಯ ಸರಳು ಅಂಗಾಲಿಗೆ ಒತ್ತಿದ ನೋವು ಇನ್ನೂ ನೆನಪಿದೆ.