ನದಿ ದಂಡೆಯಲ್ಲಿ ಬಾವಿ ಕೊರೆಸುವವರೇ, ಮಳೆಗಾಲದ ಪಂಪಿಂಗ್ ಟೆಸ್ಟ್ ನಂಬಬೇಡಿ

ನದಿ ದಂಡೆಯಲ್ಲಿ ಸಾಲಾಗಿ ಬಾವಿ ಕೊರೆಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನಾನು ಪಂಪ್ ನೋಡಿಕೊಳ್ಳುವ ಬಾವಿಗಳಲ್ಲಿ ನದಿ ಇಳಿದಾಗ, ಪಂಪಿಂಗ್ ಟೆಸ್ಟ್ (ಪಂಪ್ ಓಡಿಸಿ, ನೀರಿನ ಮಟ್ಟ ಎಷ್ಟು ಇಳಿಯುತ್ತದೆ ಅಂತ ಅಳೆಯುವ ಪರೀಕ್ಷೆ) ವರದಿಯಲ್ಲಿ ಹೇಳಿದ ಅರ್ಧದಷ್ಟು ನೀರೂ ಸಿಗುವುದಿಲ್ಲ. ಪಂಪ್ ಗಾಳಿ ಎಳೆಯುತ್ತದೆ, ನಿಲ್ಲಿಸಬೇಕಾಗುತ್ತದೆ.

ಟೆಸ್ಟ್ ಮಾಡಿದವರು ನದಿ ತುಂಬಿ ಹರಿಯುವಾಗ ಒಂದೇ ದಿನ ಪಂಪ್ ಓಡಿಸಿದ್ದರು. ಶುರುವಿನಲ್ಲಿ ಬಾವಿಯ ಮಟ್ಟ ಇಳಿದಿದೆ, ಆಮೇಲೆ ಗ್ರಾಫ್ ಹೆಚ್ಚುಕಡಿಮೆ ಚಪ್ಪಟೆ. ಅದನ್ನೇ ನೋಡಿ ನೆಲದಡಿಯ ನೀರಿನ ಪದರ ಭರ್ಜರಿಯಾಗಿದೆ ಅಂತ ಬರೆದುಬಿಟ್ಟರು. ನಿಜಕ್ಕೂ ಅದು ನದಿಯ ನೀರು ಬಾವಿಗೆ ಬರತೊಡಗಿದ ಗುರುತು.

ಇದರಿಂದ ಲೆಕ್ಕ ಎಷ್ಟು ಕೆಡುತ್ತದೆ ನೋಡಿ. ಕೂಪರ್ ಮತ್ತು ಜೇಕಬ್ ಎಂಬ ಅಂತರ್ಜಲ ತಜ್ಞರು 1946ರಲ್ಲಿ ಕೊಟ್ಟ ವಿಧಾನದಲ್ಲಿ, ಸಮಯ ಹತ್ತು ಪಟ್ಟಾಗುವಷ್ಟರಲ್ಲಿ ಮಟ್ಟ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ದಿನಕ್ಕೆ 1000 ಘನ ಮೀಟರ್ ಎತ್ತುವಾಗ ಆ ಇಳಿತ 0.6 ಮೀಟರ್ ಇದ್ದರೆ ಟ್ರಾನ್ಸ್‌ಮಿಸಿವಿಟಿ (ಪದರ ನೀರನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಅನ್ನುವ ಅಳತೆ) ದಿನಕ್ಕೆ ಸುಮಾರು 305 ಚದರ ಮೀಟರ್. ಚಪ್ಪಟೆ ಭಾಗದಿಂದ 0.1 ಮೀಟರ್ ತೆಗೆದುಕೊಂಡರೆ ಅದೇ ಪದರಕ್ಕೆ 1830! ಪದರ ಎಲ್ಲ ಕಡೆಗೂ ಕೊನೆಯಿಲ್ಲದೆ ಹರಡಿದೆ ಅಂತ ಇಟ್ಟುಕೊಂಡು ಮಾಡುವ ಲೆಕ್ಕ ಅದು. ಪಕ್ಕದಲ್ಲೇ ನದಿ ಇದ್ದರೆ ಚಪ್ಪಟೆ ಭಾಗಕ್ಕೆ ಅದು ಹೇಗೆ ಹೊಂದೀತು?

ಇನ್ನು ನದಿಯ ತಳ. ಪ್ರವಾಹ ಬಂದಾಗ ಹೂಳು ಕೊಚ್ಚಿಹೋಗಿ ಮರಳು ತೆರೆದುಕೊಳ್ಳುತ್ತದೆ. ಹರಿವು ಮಂದವಾದರೆ ನುಣ್ಣನೆಯ ಹೂಳು ಮತ್ತೆ ಕೂರುತ್ತದೆ, ಬಾವಿಗಳ ಸೆಳೆತಕ್ಕೆ ಮರಳಿನ ಸಂದಿಗೂ ಇಳಿಯುತ್ತದೆ. ನಮ್ಮ ಬಾವಿಗಳ ಎದುರು ನೀರಿಗಿಳಿದು ತಳ ಮುಟ್ಟಿದರೆ ಜಾರುವ ಕಪ್ಪು ಕೆಸರು. ಬೆರಳಲ್ಲಿ ಕೆರೆದರೆ ಅದರಡಿಯಲ್ಲೇ ಒಳ್ಳೆಯ ಮರಳು. ಆ ತೆಳು ಕೆಸರೇ ನೀರನ್ನು ತಡೆಯುತ್ತಿದೆ. ಅಂತರ್ಜಲ ನದಿ ತಳಕ್ಕಿಂತ ತೀರಾ ಕೆಳಗೆ ಹೋದ ಮೇಲಂತೂ ಎಷ್ಟು ಜಾಸ್ತಿ ಎಳೆದರೂ ನದಿಯಿಂದ ಹೆಚ್ಚಿಗೆ ನೀರು ಬರುವುದಿಲ್ಲ. ಹೊಸ ಬಾವಿ ಕೊರೆಸಿದರೆ ಹಳೆಯದರ ಪಾಲನ್ನೇ ಕಿತ್ತುಕೊಳ್ಳುತ್ತದೆ, ಅಷ್ಟೇ.

ಹಾಗಾಗಿ ನದಿ ಇಳಿದಿರುವಾಗಲೇ ಟೆಸ್ಟ್ ಮಾಡಿಸಿ. 72 ಗಂಟೆಯಾದರೂ ಪಂಪ್ ಓಡಲಿ. ನದಿಯ ಕಡೆ ಒಂದು, ಹೊಲದ ಕಡೆ ಒಂದು ವೀಕ್ಷಣಾ ಬಾವಿ (ನೀರೆತ್ತದೆ ಮಟ್ಟ ಅಳೆಯಲಷ್ಟೇ ಇರುವ ಬಾವಿ) ಬೇಕೇ ಬೇಕು. ನದಿಯ ಮಟ್ಟವನ್ನೂ ಜೊತೆಗೇ ಬರೆದಿಡಬೇಕು. ಪಂಪ್ ನಿಲ್ಲಿಸಿದ ಮೇಲೆ ಮಟ್ಟ ಏರುವುದನ್ನೂ ಅಳೆಯಲಿ, ಸುಮ್ನೆ ಗಾಡಿ ಹತ್ತಿ ಹೋಗಲು ಬಿಡಬೇಡಿ. ಹಣ ಕೊಡುವ ಮುಂಚೆ ಗ್ರಾಫನ್ನು ಎದುರಿಗಿಟ್ಟುಕೊಂಡು, ಗೆರೆಯ ಯಾವ ಭಾಗದಿಂದ ಆ ಅಂಕಿ ತೆಗೆದಿರಿ ಅಂತ ಕೇಳಿ.