ಮನೆಯ ಈಜುಕೊಳಕ್ಕೆ ಬೇಲಿಯೋ, ಹೊದಿಕೆಯೋ, ಅಲಾರಮ್ಮೋ?

ಗೋವಾದಲ್ಲಿ ಕೊಳವಿರುವ ಮನೆ ಕೊಂಡ ಅಥವಾ ಬಾಡಿಗೆಗೆ ಹಿಡಿದ ನಮ್ಮವರು ಮೊದಲು ಕೇಳುವುದು ಅಲಾರಂ ಬೆಲೆ. ದಯವಿಟ್ಟು ಬೇಲಿಯಿಂದ ಶುರುಮಾಡಿ. ಕೊಳದಲ್ಲಿಡುವ ಅಲಾರಂ ಕೂಗುವುದು ಮಗು ನೀರಿಗೆ ಬಿದ್ದ ಮೇಲೆ. ಬೇಲಿ ನೀರಿನ ಹತ್ತಿರಕ್ಕೇ ಬಿಡುವುದಿಲ್ಲ.

ಬೇಲಿ ನಾಲ್ಕೂ ಕಡೆ ಇರಬೇಕು. ಕಾಂಪೌಂಡ್ ಗೋಡೆ ಲೆಕ್ಕಕ್ಕಿಲ್ಲ, ಏಕೆಂದರೆ ಪುಟ್ಟ ಮಕ್ಕಳು ಕೊಳಕ್ಕೆ ಹೋಗುವುದು ಹಾಲ್‌ನ ಜಾರುಬಾಗಿಲಿನಿಂದ. ಎತ್ತರ ಕನಿಷ್ಠ 4 ಅಡಿ, ಸರಳುಗಳ ನಡುವೆ 4 ಇಂಚಿಗಿಂತ ಕಡಿಮೆ ಸಂದು, ಕಾಲಿಡಲು ಅಡ್ಡಪಟ್ಟಿ ಇರಕೂಡದು. ಗೇಟು ಕೊಳದ ಕಡೆಗಲ್ಲ, ಹೊರಗೆ ತೆರೆದು, ಕೈಬಿಟ್ಟರೆ ತಾನೇ ಮುಚ್ಚಿ ಚಿಲಕ ಬೀಳಬೇಕು. ಕೆಡುವುದೂ ಇಲ್ಲೇ: ಕಡಲ ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದು ಗೇಟು ಅರ್ಧಕ್ಕೆ ನಿಲ್ಲುತ್ತದೆ. ಉಪ್ಪಿಗೆ ಬೇಗ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಒಂದು ಗೇಣು ತೆರೆದು ಬಿಟ್ಟು, ಚಿಲಕ ಬೀಳುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಿ. ಕುರ್ಚಿ, ಹೂಕುಂಡಗಳನ್ನು ಬೇಲಿಯಿಂದ 3 ಅಡಿ ದೂರವಿಡಿ.

ಬಾಡಿಗೆ ಮನೆಯಾದರೆ ಕಳಚಬಹುದಾದ ಜಾಲರಿ ಬೇಲಿ ಆದೀತು.

ಹೊದಿಕೆಯಲ್ಲಿ ಎರಡು ಬಗೆ. ಅಂಚಿಗೆ ಬಿಗಿದು ಕಟ್ಟುವ ಸುರಕ್ಷತಾ ಹೊದಿಕೆ ದೊಡ್ಡವರ ಭಾರವನ್ನೂ ತಡೆಯುತ್ತದೆ, ಆದರೆ ಪ್ರತಿಸಲ ಈಜಿದ ಮೇಲೂ ಹಾಕಬೇಕು. ನೀರಿನ ಮೇಲೆ ತೇಲುವ ಗುಳ್ಳೆಯ ಸೋಲಾರ್ ಹಾಳೆ ಮಾತ್ರ ಅಪಾಯಕಾರಿ: ಕಾಲಿಟ್ಟ ಮಗುವನ್ನು ಸುತ್ತಿಕೊಂಡು ಮುಳುಗುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಯಾವ ಹೊದಿಕೆಯ ಮೇಲೂ ನೀರು ನಿಲ್ಲಗೊಡಬೇಡಿ. ಮಗು ಮುಳುಗಲು ಕೆಲವೇ ಇಂಚು ನೀರು ಸಾಕು.

ಬೇಲಿ ಹಾಕಿಸಿದ ಮೇಲೆ ದುಡ್ಡು ಉಳಿದರೆ ಅಲಾರಂ, ಅದೂ ಜಾರುಬಾಗಿಲಿಗೆ, ಬಾಗಿಲು ತೆರೆದೊಡನೆ ಕೂಗುವಂಥದ್ದು.